ಬಿಪಿಎಲ್ ಕಾರ್ಡ್ ಎಪಿಎಲ್ ಆಗಿದೆ, ಅಪ್ಪನಿಗೆ ಸ್ಟೆಂಟ್ ಹಾಕಿಸಬೇಕು: ಈಗ ಏನು ದಾರಿ?

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ಅಪ್ಪನಿಗೆ 59 ವರ್ಷ. ಎರಡು ಎಕರೆ ಖುಷ್ಕಿ ಜಮೀನಿದೆ, ಎರಡು ಹಸು ಕಟ್ಟಿದ್ದಾರೆ, ಡೇರಿಗೆ ಹಾಲು ಹಾಕುತ್ತಾರೆ. ಸ್ವಲ್ಪ ದೂರ ನಡೆದರೂ ಎದೆ ಹಿಡಿದಂತಾಗುತ್ತದೆ ಅಂತ ಖಾಸಗಿ ಆಸ್ಪತ್ರೆಗೆ ತೋರಿಸಿದೆವು. 18,000 ಕಟ್ಟಿಸಿಕೊಂಡು ಆಂಜಿಯೋಗ್ರಾಂ ಮಾಡಿದರು. ಎರಡು ಕಡೆ ಬ್ಲಾಕ್ ಇದೆ, ಒಂದು ತಿಂಗಳೊಳಗೆ ಸ್ಟೆಂಟ್ ಹಾಕಿಸಿ, ಎರಡು ಲಕ್ಷದ ಮೇಲಾಗುತ್ತದೆ ಅಂದರು. ರೇಷನ್ ಕಾರ್ಡ್ ಕೊಟ್ಟಾಗ ಕಂಪ್ಯೂಟರಿನಲ್ಲಿ ನೋಡಿ, ‘ಇದು ಎಪಿಎಲ್ ಆಗಿದೆ, ನಡೆಯಲ್ಲ’ ಅಂದುಬಿಟ್ಟರು. ನಮಗೆ ಗೊತ್ತೇ ಇರಲಿಲ್ಲ. ಅಣ್ಣ ಬೆಂಗಳೂರಿನ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಸಂಬಳ 19,500. ಹೆಂಡತಿ ಮಗುವಿನ ಜೊತೆ ಆರು ವರ್ಷದಿಂದ ಅಲ್ಲೇ ಬಾಡಿಗೆ ಮನೆಯಲ್ಲಿದ್ದಾನೆ, ಹೆಸರು ಮಾತ್ರ ಅಪ್ಪನ ಕಾರ್ಡಿನಲ್ಲೇ ಉಳಿದಿದೆ. ಸಾಲಕ್ಕೆ ಬೇಕು ಅಂತ ಹೋದ ವರ್ಷ ಐಟಿ ರಿಟರ್ನ್ಸ್ ಹಾಕಿಸಿದ್ದ. ಈಗ ಒಬ್ಬರು ‘ಆಭಾ ಕಾರ್ಡ್ ಮಾಡಿಸಿ, ಐದು ಲಕ್ಷ ಸಿಗುತ್ತೆ’ ಅಂತಾರೆ. ಇನ್ನೊಬ್ಬರು ‘ಎಮರ್ಜೆನ್ಸಿ ಅಂತ ಹೇಳಿ ಸೇರಿಸಿ, ಎಲ್ಲ ಫ್ರೀ’ ಅಂತಾರೆ. ಒಬ್ಬ ಏಜೆಂಟ್ 6,000 ಕೊಟ್ಟರೆ ವಾರದಲ್ಲಿ ಬಿಪಿಎಲ್ ಮಾಡಿಸಿಕೊಡುತ್ತೇನೆ ಅನ್ನುತ್ತಿದ್ದಾನೆ. ಬಡವರಿಗೆ ಚಿಕಿತ್ಸೆ ಕೊಡಲೇಬೇಕು ಅಂತ ಕಾನೂನು ಇಲ್ವಾ? ಕಟ್ಟಿದ ಹಣ ವಾಪಸ್ ಬರುತ್ತಾ?

ಉತ್ತರ: ಹಣದ ಮಾತಿಗೆ ಮೊದಲು ಒಂದು ವಿಷಯ. ಕಾರ್ಡ್ ಸರಿಯಾಗುವುದಕ್ಕೆ ಕಾಯುತ್ತಿರುವಾಗ ಅಪ್ಪನಿಗೆ ಸುಮ್ಮನೆ ಕೂತಿದ್ದಾಗಲೂ ಎದೆನೋವು ಬಂದರೆ, ಬೆವರು ಬಂದು ಎಡಗೈಗೋ ದವಡೆಗೋ ನೋವು ಹಬ್ಬಿದರೆ, ಆಗ ಕಾರ್ಡಿನ ಯೋಚನೆ ಬಿಡಿ. 108ಕ್ಕೆ ಫೋನ್ ಮಾಡಿ ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಇರುವ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ಕೂಡಲೇ ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಕಳಿಸುತ್ತಾರೆ. ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರದ ಔಷಧಿ ಅದು.

ಇನ್ನು ನಿಮ್ಮ ಪತ್ರದ ವಿಷಯ. ಅದರಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಗಂಟು ಬಿದ್ದಿವೆ. ಚಿಕಿತ್ಸೆ ಕೊಡುವುದು ಯಾರ ಹೊಣೆ ಅನ್ನುವುದು ಒಂದು, ಅದರ ದುಡ್ಡು ಕೊಡುವುದು ಯಾರ ಹೊಣೆ ಅನ್ನುವುದು ಇನ್ನೊಂದು. ನನ್ನ ಹತ್ತಿರ ಬರುವ ಹೆಚ್ಚಿನವರು ಇವೆರಡೂ ಒಂದೇ ಅಂದುಕೊಂಡಿರುತ್ತಾರೆ. ಮೊದಲನೆಯದಕ್ಕೆ ಗಟ್ಟಿಯಾದ ಕಾನೂನಿದೆ. ಎರಡನೆಯದು ಬಹುಪಾಲು ಕಾಗದಪತ್ರದ ಮೇಲೆ ನಿಂತಿದೆ. ಒಂದು ಸಮಾಧಾನವೆಂದರೆ, ನಿಮ್ಮ ಅಪ್ಪನಿಗೆ ಇರುವ ದಾರಿಗಳು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಅದರಲ್ಲೊಂದು ನಿಮ್ಮ ಪತ್ರದಲ್ಲೇ ಇದೆ, ಅಣ್ಣನ ಸಂಬಳದ ಸಾಲಿನಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

‘ಚಿಕಿತ್ಸೆ ಕೊಡಲೇಬೇಕು’ ಅನ್ನುವ ಕಾನೂನು ಇದೆಯಾ ಎಂದು ಕೇಳಿದ್ದೀರಿ. ಇದೆ, ಆದರೆ ತುರ್ತು ಸ್ಥಿತಿಗೆ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ಹಕೀಮ್ ಶೇಖ್ ಎಂಬ ಕೂಲಿಕಾರ ರೈಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಅಂತ ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆ ವಾಪಸ್ ಕಳಿಸಿತು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ಖರ್ಚು ಮಾಡಿ ಉಳಿದುಕೊಂಡರು. 1996ರಲ್ಲಿ ಸುಪ್ರೀಂ ಕೋರ್ಟ್, ತುರ್ತು ಚಿಕಿತ್ಸೆ ಕೊಡದಿರುವುದು ಸಂವಿಧಾನದ 21ನೇ ವಿಧಿ ಕೊಟ್ಟ ಜೀವಿಸುವ ಹಕ್ಕಿನ ಉಲ್ಲಂಘನೆ ಅಂತ ಹೇಳಿ ಅವರಿಗೆ 25,000 ಪರಿಹಾರ ಕೊಡಿಸಿತು. ದುಡ್ಡಿಲ್ಲ ಅನ್ನುವುದು ಸರ್ಕಾರ ತಪ್ಪಿಸಿಕೊಳ್ಳಲು ನೆಪವಾಗಬಾರದು ಎಂದೂ ಹೇಳಿತು. ಖಾಸಗಿಯವರಿಗೂ ವಿನಾಯಿತಿ ಇಲ್ಲ. ನಮ್ಮಲ್ಲಿ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. 2017ರ ಕೊನೆಯಲ್ಲಿ ಅದಕ್ಕೆ ತಿದ್ದುಪಡಿ ತಂದಾಗ ಖಾಸಗಿ ವೈದ್ಯರು ಬಾಗಿಲು ಮುಚ್ಚಿ ಮುಷ್ಕರ ಮಾಡಿದ್ದು ನಿಮಗೆ ನೆನಪಿರಬಹುದು. ತುರ್ತು ಸ್ಥಿತಿಯಲ್ಲಿ ಬಂದವರನ್ನು ಮುಂಗಡ ಕಟ್ಟಿ ಅಂತ ಬಾಗಿಲಲ್ಲಿ ನಿಲ್ಲಿಸಬಾರದು, ರೋಗಿ ತೀರಿಕೊಂಡರೆ ಬಾಕಿ ಬಿಲ್ಲಿಗಾಗಿ ಶವ ಹಿಡಿದಿಟ್ಟುಕೊಳ್ಳಬಾರದು ಎಂಬ ನಿಯಮಗಳು ಆಗ ಬಂದವು.

ಆದರೆ ಇದಿಷ್ಟೂ ಜೀವಕ್ಕೆ ಅಪಾಯವಿದ್ದಾಗ. ‘ಒಂದು ತಿಂಗಳೊಳಗೆ ಹಾಕಿಸಿ’ ಅಂತ ಡಾಕ್ಟರ್ ಬರೆದುಕೊಟ್ಟ ಸ್ಟೆಂಟನ್ನು ಕಾನೂನು ತುರ್ತು ಅನ್ನುವುದಿಲ್ಲ. ಎಲ್ಲ ಕಾಯಿಲೆಗೂ, ಎಲ್ಲರಿಗೂ ಚಿಕಿತ್ಸೆ ಹಕ್ಕು ಎಂದು ಹೇಳುವ ಕಾಯ್ದೆ ರಾಜಸ್ಥಾನದಲ್ಲಿ 2023ರಲ್ಲಿ ಬಂತು, ನಮ್ಮಲ್ಲಿ ಅಂಥದ್ದಿಲ್ಲ. ನಮ್ಮಲ್ಲಿರುವುದು ಯೋಜನೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಸರ್ಕಾರಿ ಆದೇಶದ ಮೇಲೆ ನಡೆಯುತ್ತದೆ, ವಿಧಾನಸಭೆ ಮಾಡಿದ ಕಾಯ್ದೆಯ ಮೇಲಲ್ಲ. ಇದು ವಕೀಲರ ಕೂದಲು ಸೀಳುವ ಮಾತು ಅಂತ ಅನ್ನಿಸಬಹುದು. ಆದರೆ ನಿಮಗೆ ಇದರಿಂದ ನೇರ ಪರಿಣಾಮ ಇದೆ. ಹಕ್ಕಾಗಿದ್ದರೆ ‘ಕೊಡಿ’ ಅಂತ ಕೇಳಬಹುದಿತ್ತು. ಯೋಜನೆಯಲ್ಲಿ ‘ಆದೇಶದಲ್ಲಿ ಹೇಳಿದ ಷರತ್ತು ನನಗೆ ಹೊಂದುತ್ತದೆ, ನೋಡಿ’ ಅಂತ ಕಾಗದ ತೋರಿಸಬೇಕು. ಷರತ್ತು ಹೊಂದಿದ್ದೂ ಇಲ್ಲ ಅಂದರೆ ಆಗ ಕೋರ್ಟಿಗೆ ಹೋಗುವ ದಾರಿ ತೆರೆಯುತ್ತದೆ.

ಹಾಗಾದರೆ ಷರತ್ತು ಏನು? ಯೋಜನೆಯನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. 2018ರ ಮಾರ್ಚಿನಲ್ಲಿ ವಾಜಪೇಯಿ ಆರೋಗ್ಯಶ್ರೀ, ರಾಜೀವ್ ಆರೋಗ್ಯ ಭಾಗ್ಯ ಮುಂತಾದ ಹಳೆಯ ಯೋಜನೆಗಳನ್ನೆಲ್ಲ ಒಟ್ಟು ಮಾಡಿ ಆರೋಗ್ಯ ಕರ್ನಾಟಕ ಅಂದರು. ಅದೇ ವರ್ಷ ಅಕ್ಟೋಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿಸಿದರು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕಾರ್ಡ್ (ನಾವು ಬಿಪಿಎಲ್ ಅನ್ನುವುದು ಇದನ್ನೇ) ಅಥವಾ ಅಂತ್ಯೋದಯ ಕಾರ್ಡ್ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಪೂರ್ತಿ ಉಚಿತ. ಇವರನ್ನು ‘ಅರ್ಹ ರೋಗಿ’ ಅನ್ನುತ್ತಾರೆ. ಉಳಿದವರು ‘ಸಾಮಾನ್ಯ ರೋಗಿ’. ಅವರಿಗೆ ಪ್ಯಾಕೇಜ್ ದರದ ಶೇಕಡ 30ರಷ್ಟನ್ನು ಸರ್ಕಾರ ಕೊಡುತ್ತದೆ, ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಅಂದರೆ ನಿಮ್ಮ ಕೌಂಟರಿನವರು ‘ನಡೆಯಲ್ಲ’ ಅಂದಿದ್ದು ಅರ್ಧ ಸತ್ಯ. ಎಪಿಎಲ್ ಕಾರ್ಡಿಗೂ ಯೋಜನೆಯಲ್ಲಿ ಜಾಗವಿದೆ, ಕಡಿಮೆ ಅಷ್ಟೆ.

ಇಲ್ಲಿ ಜನ ಎಡವುವ ಇನ್ನೊಂದು ಜಾಗವಿದೆ. ಆ ಶೇಕಡ 30 ಆಸ್ಪತ್ರೆಯ ಬಿಲ್ಲಿನ ಮೇಲಲ್ಲ, ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದ ಮೇಲೆ. ಲೆಕ್ಕಕ್ಕೆ ಹೇಳುವುದಾದರೆ, ಪ್ಯಾಕೇಜ್ 70,000 ಅಂತಿದ್ದರೆ ಸರ್ಕಾರದಿಂದ ಬರುವುದು 21,000. ಆಸ್ಪತ್ರೆ ಎರಡು ಲಕ್ಷದ ಬಿಲ್ ಮಾಡಿದರೂ ಅದು 60,000 ಆಗುವುದಿಲ್ಲ. ಹಾಗಾಗಿ ಎಪಿಎಲ್ ದಾರಿ ಹಿಡಿಯುವುದಾದರೆ ಖಾಸಗಿಗಿಂತ ಸರ್ಕಾರದ ಕೈಕೆಳಗಿನ ಸ್ವಾಯತ್ತ ಸಂಸ್ಥೆ ಲೇಸು. ಹಾಸನದವರಿಗೆ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆ ದೂರವೇನಲ್ಲ. ಎಲ್ಲೇ ಹೋದರೂ ನಿಮ್ಮ ಪಾಲು ಎಷ್ಟು ಅಂತ ಸೇರುವ ಮೊದಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಇನ್ನು ರೆಫರಲ್. ಯೋಜನೆಯ ಚಿಕಿತ್ಸೆಗಳನ್ನು ಗುಂಪುಗಳಾಗಿ ವಿಂಗಡಿಸಿದ್ದಾರೆ. ಸರಳವಾದವನ್ನು ಸರ್ಕಾರಿ ಆಸ್ಪತ್ರೆಯಲ್ಲೇ ಮಾಡಬೇಕು. ಸ್ವಲ್ಪ ಕ್ಲಿಷ್ಟವಾದವು ಒಂದು ಗುಂಪು, ಹೃದಯ, ಕ್ಯಾನ್ಸರ್, ಮೂತ್ರಪಿಂಡ ಮುಂತಾದ ದೊಡ್ಡ ಚಿಕಿತ್ಸೆಗಳು ಇನ್ನೊಂದು. ಇವಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಸೌಲಭ್ಯ ಇಲ್ಲದಿದ್ದರೆ ಅವರು ರೆಫರಲ್ ಕೊಡುತ್ತಾರೆ, ಅದನ್ನು ಹಿಡಿದು ಯೋಜನೆಗೆ ನೋಂದಾಯಿಸಿಕೊಂಡ ಆಸ್ಪತ್ರೆಗೆ ಹೋಗಬೇಕು. ನೀವು ಮಾಡಿದ್ದು ಇದರ ಉಲ್ಟಾ. ನೇರ ಖಾಸಗಿಗೆ ಹೋಗಿದ್ದರಿಂದ ಕಾರ್ಡ್ ಬಿಪಿಎಲ್ ಆಗಿದ್ದರೂ ಅಂದು ಅಲ್ಲಿ ತಡೆ ಬೀಳುತ್ತಿತ್ತು. ಆಂಜಿಯೋಗ್ರಾಂ ವರದಿ ಮತ್ತು ಸಿಡಿ ಇಟ್ಟುಕೊಂಡು ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಿನ ಹಿಮ್ಸ್ ಆಸ್ಪತ್ರೆಗೆ ಹೋಗಿ ಹೊರರೋಗಿ ಚೀಟಿ ಮಾಡಿಸಿ. ಪರೀಕ್ಷೆ ಮತ್ತೆ ಮಾಡಿಸಬೇಕಾಗಿಲ್ಲ, ಸಿಡಿ ನೋಡಿ ಡಾಕ್ಟರ್ ಹೇಳುತ್ತಾರೆ. ಖಾಸಗಿ ಆಸ್ಪತ್ರೆ ಸಿಡಿ ಕೊಡದಿದ್ದರೆ ಲಿಖಿತವಾಗಿ ಕೇಳಿ, ನಿಮ್ಮ ದಾಖಲೆ ಕೇಳುವುದು ನಿಮ್ಮ ಹಕ್ಕು.

ಎಮರ್ಜೆನ್ಸಿ ಅಂತ ಹೇಳಿ ಸೇರಿಸುವ ಉಪಾಯದ ಕಥೆ ಇಲ್ಲಿಗೇ ಮುಗಿಯುತ್ತದೆ. ತುರ್ತು ಅಂತ ಪಟ್ಟಿ ಮಾಡಿರುವ ಚಿಕಿತ್ಸೆಗಳು ಬೇರೆಯೇ ಇವೆ. ಅವಕ್ಕೆ ರೆಫರಲ್ ಬೇಡ, ನಿಜ. ಆದರೆ ಬಿಟ್ಟಿರುವುದು ರೆಫರಲ್ ಷರತ್ತನ್ನು ಮಾತ್ರ, ಕಾರ್ಡಿನ ಷರತ್ತನ್ನಲ್ಲ. ಎಪಿಎಲ್ ಕಾರ್ಡಿನವರು ತುರ್ತಾಗಿ ಸೇರಿದರೂ ಹಣದ ಲೆಕ್ಕ ಬರುವಾಗ ಶೇಕಡ 30ರ ಗುಂಪಿಗೇ ಸೇರುತ್ತಾರೆ. ಅಲ್ಲದೆ ತುರ್ತು ಹೌದೋ ಅಲ್ಲವೋ ಹೇಳುವುದು ಇಸಿಜಿ ಮತ್ತು ರಕ್ತಪರೀಕ್ಷೆ, ನಮ್ಮ ಬಾಯಿಮಾತಲ್ಲ. ಸುಳ್ಳು ಹೇಳಿ ಸೇರಿಸಿ, ಟ್ರಸ್ಟ್ ಒಪ್ಪಿಗೆ ಕೊಡದೆ ಹೋದರೆ ಖಾಸಗಿ ದರದ ಬಿಲ್ ಪೂರ್ತಿ ನಿಮ್ಮ ತಲೆಯ ಮೇಲೆ. ಇಂಥ ಬಿಲ್ ಹಿಡಿದುಕೊಂಡು ಅಳುತ್ತಾ ಬಂದವರನ್ನು ನೋಡಿದ್ದೇನೆ, ಅವರಿಗೆ ನಾನು ಮಾಡಿಕೊಡಲು ಆಗಿದ್ದು ತೀರ ಕಡಿಮೆ.

ಆಭಾ ವಿಷಯ ಇನ್ನೂ ಸಣ್ಣದು. ಅದು 14 ಅಂಕಿಯ ಒಂದು ಸಂಖ್ಯೆ, ನಿಮ್ಮ ವೈದ್ಯಕೀಯ ದಾಖಲೆಗಳನ್ನು ಕಂಪ್ಯೂಟರಿನಲ್ಲಿ ಒಂದೆಡೆ ಜೋಡಿಸಲು. ಅದರಲ್ಲಿ ಒಂದು ರೂಪಾಯಿಯ ವಿಮೆಯೂ ಇಲ್ಲ. ಆಯುಷ್ಮಾನ್ ಕಾರ್ಡೇ ಬೇರೆ. ಅದನ್ನು ಮಾಡಿಸಿಕೊಂಡರೂ ಹಿಂದೆ ಇರುವ ರೇಷನ್ ಕಾರ್ಡಿನ ಸ್ಥಿತಿ ನೋಡಿಯೇ ಅರ್ಹ, ಸಾಮಾನ್ಯ ಅಂತ ವಿಂಗಡಿಸುತ್ತಾರೆ.

ಆ ವಿಂಗಡಣೆ ಆಗುವುದು ಹೇಗೆ ಅಂತ ಒಮ್ಮೆ ಹತ್ತಿರದಿಂದ ನೋಡಿದರೆ ಅರ್ಥವಾಗುತ್ತದೆ. ನೋಂದಾಯಿತ ಆಸ್ಪತ್ರೆಯ ಒಳಗೆ ಬಿಲ್ಲಿಂಗ್ ಕೌಂಟರಿನ ಪಕ್ಕದಲ್ಲೋ ಮೆಟ್ಟಿಲ ಕೆಳಗೋ ಒಂದು ಮೇಜು ಇರುತ್ತದೆ, ಅಲ್ಲಿ ಆರೋಗ್ಯ ಮಿತ್ರ ಕೂತಿರುತ್ತಾರೆ. ಅವರು ನಿಮ್ಮ ಕಾರ್ಡಿನ ಬಣ್ಣ ನೋಡುವುದಿಲ್ಲ, ಅದರ ಮೇಲೆ ಅಚ್ಚಾಗಿದ್ದನ್ನೂ ನೋಡುವುದಿಲ್ಲ. ಕಾರ್ಡ್ ಸಂಖ್ಯೆ ಒತ್ತಿ ಆಹಾರ ಇಲಾಖೆಯ ದತ್ತಾಂಶದಲ್ಲಿ ಏನು ಬರುತ್ತದೋ ಅದನ್ನೇ ನಂಬುತ್ತಾರೆ. ಪಿಎಚ್‌ಎಚ್ (ಆದ್ಯತಾ ಕುಟುಂಬ, ಅಂದರೆ ಬಿಪಿಎಲ್) ಅಂತ ಬಂದರೆ ಒಂದು ದಾರಿ, ಎನ್‌ಪಿಎಚ್‌ಎಚ್ (ಆದ್ಯತೇತರ, ಅಂದರೆ ಎಪಿಎಲ್) ಅಂತ ಬಂದರೆ ಇನ್ನೊಂದು. ಕೈಯಲ್ಲಿರುವ ಹಳೆಯ ಬಿಪಿಎಲ್ ಕಾರ್ಡಿನ ಜೆರಾಕ್ಸ್ ತೋರಿಸಿ ವಾದ ಮಾಡಿದರೆ ಪ್ರಯೋಜನವಿಲ್ಲ, ಆ ಮೇಜಿನಲ್ಲಿ ಕೂತವರ ಕೈಯಲ್ಲಿ ಅದನ್ನು ಬದಲಿಸುವ ಅಧಿಕಾರವೂ ಇಲ್ಲ. ಜಗಳವಾಡಬೇಕಾದ ಜಾಗ ತಾಲೂಕು ಕಚೇರಿಯ ಆಹಾರ ಶಾಖೆ.

ಅಲ್ಲಿಗೆ ಹೋಗಿ ಏನು ಹೇಳಬೇಕು? ‘ಅಣ್ಣ ರಿಟರ್ನ್ಸ್ ಹಾಕಿದ್ದಾನೆ, ತೆರಿಗೆ ಕಟ್ಟಿಲ್ಲ’ ಅನ್ನುವುದು ಎಲ್ಲರೂ ಹೇಳುವ ವಾದ. ಅದು ನಿಜವೇ. ತಿಂಗಳಿಗೆ 19,500 ಅಂದರೆ ವರ್ಷಕ್ಕೆ 2,34,000, ತೆರಿಗೆಯ ಮಿತಿಗೆ ಕೆಳಗೇ ಇದೆ. 2024ರ ನವೆಂಬರಿನಲ್ಲಿ ಕಾರ್ಡುಗಳನ್ನು ರಾಶಿ ರಾಶಿ ಎಪಿಎಲ್‌ಗೆ ಹಾಕಿ ಗಲಾಟೆಯಾದಾಗ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ಬಿಪಿಎಲ್ ವಾಪಸ್ ಕೊಡಿ ಅಂತ ಸರ್ಕಾರವೇ ಹೇಳಬೇಕಾಯಿತು. ಆದರೂ ನಿಮ್ಮ ವಿಷಯದಲ್ಲಿ ಆ ವಾದವೊಂದನ್ನೇ ನಂಬಿಕೊಂಡು ಹೋಗಬೇಡಿ. ಬಿಪಿಎಲ್‌ಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ಮೀರಬಾರದು ಅಂತ ಇನ್ನೊಂದು ಮಾನದಂಡವಿದೆ. ತೆರಿಗೆಯ ಮಾತಲ್ಲಿ ನೀವು ಗೆದ್ದರೂ, ಅಣ್ಣನ ಸಂಬಳ ಅಪ್ಪನ ಕಾರ್ಡಿನಲ್ಲಿ ಕೂತಿರುವವರೆಗೆ ಆದಾಯದ ಮಾತಲ್ಲಿ ಸೋಲುತ್ತೀರಿ.

ನಿಮ್ಮ ಬಲವಾದ ವಾದ ಬೇರೆಯೇ. ಅಣ್ಣ ಈ ಮನೆಯವನಲ್ಲ. ಸಂಬಂಧದ ಮಾತಲ್ಲ, ಒಲೆಯ ಮಾತು. ರೇಷನ್ ಕಾರ್ಡ್ ಎಣಿಸುವುದು ಒಟ್ಟಿಗೆ ವಾಸಮಾಡುವವರನ್ನು. ಆರು ವರ್ಷದಿಂದ ಬೆಂಗಳೂರಿನಲ್ಲಿ ಸಂಸಾರ ಮಾಡಿಕೊಂಡಿರುವವನ ಹೆಸರು ಹಳ್ಳಿಯ ಕಾರ್ಡಿನಲ್ಲಿ ಉಳಿದಿದ್ದೇ ತಪ್ಪು. ಬಾಡಿಗೆ ಕರಾರು, ವಿಳಾಸ ಬದಲಿಸಿದ ಆಧಾರ್, ಮಗುವಿನ ಶಾಲೆಯ ಚೀಟಿ, ಇದ್ದಷ್ಟು ಕೊಟ್ಟು ಅವನದೂ ಅತ್ತಿಗೆ ಮಗುವಿನದೂ ಹೆಸರು ತೆಗೆಸಿ. ನಾಡಕಚೇರಿಯಿಂದ ಅಪ್ಪನ ಹೆಸರಿಗೆ ಆದಾಯ ಪ್ರಮಾಣಪತ್ರ ತೆಗೆದುಕೊಳ್ಳಿ. ಎರಡು ಎಕರೆ ಖುಷ್ಕಿ ತೊಂದರೆಯಲ್ಲ, ಮಿತಿ ಇರುವುದು 3 ಹೆಕ್ಟೇರ್, ಅಂದರೆ ಸುಮಾರು ಏಳೂವರೆ ಎಕರೆ. ಹಾಲಿನ ದುಡ್ಡನ್ನು ಮುಚ್ಚಿಡಬೇಡಿ. ಡೇರಿಯ ಬಟವಾಡೆ ಪುಸ್ತಕದಲ್ಲಿ ಎಲ್ಲ ಇರುತ್ತದೆ, ಆದರೆ ಹಿಂಡಿ, ಬೂಸಾ, ಡಾಕ್ಟರ ಖರ್ಚು ಕಳೆದರೆ ಎರಡು ಹಸುವಿನಲ್ಲಿ ಉಳಿಯುವುದೆಷ್ಟು ಅಂತ ಗ್ರಾಮ ಆಡಳಿತಾಧಿಕಾರಿಗೂ ಗೊತ್ತಿರುತ್ತದೆ, ಅಲ್ವಾ.

ಅರ್ಜಿಯ ಮೇಲೆ ‘ವೈದ್ಯಕೀಯ ಕಾರಣ’ ಅಂತ ದಪ್ಪಕ್ಷರದಲ್ಲಿ ಬರೆದು, ಸ್ಟೆಂಟ್ ಬೇಕೆಂದು ಡಾಕ್ಟರ್ ಕೊಟ್ಟ ಚೀಟಿಯ ಪ್ರತಿ ಲಗತ್ತಿಸಿ. ಚಿಕಿತ್ಸೆಗೆ ಕಾರ್ಡ್ ಬೇಕು ಅನ್ನುವ ಅರ್ಜಿಗಳನ್ನು ಬೇರೆ ತೆಗೆದು ಬೇಗ ನೋಡುವ ರೂಢಿ ಇಲಾಖೆಯಲ್ಲಿದೆ. ಸ್ವೀಕೃತಿ ಚೀಟಿ ಇಲ್ಲದೆ ಅಲ್ಲಿಂದ ಎದ್ದು ಬರಬೇಡಿ. ಆಹಾರ ನಿರೀಕ್ಷಕರು ಕೇಳದಿದ್ದರೆ ತಹಶೀಲ್ದಾರರು, ಅಲ್ಲೂ ಆಗದಿದ್ದರೆ ಆಹಾರ ಭದ್ರತಾ ಕಾಯ್ದೆಯ 15ನೇ ಕಲಮಿನ ಪ್ರಕಾರ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ ದೂರು. ನೋಟಿಸ್ ಕೊಡದೆ ಕಾರ್ಡ್ ಬದಲಿಸಿದ್ದನ್ನು ಆ ದೂರಿನಲ್ಲಿ ಮರೆಯದೆ ಬರೆಯಿರಿ.

ಈ ದಾರಿಯ ಅಪಾಯ ಒಂದೇ, ಸಮಯ. ಇಲಾಖೆಯ ಸರ್ವರ್ ಯಾವಾಗ ತೆರೆದಿರುತ್ತದೆ ಅಂತ ದೇವರಿಗೂ ಗೊತ್ತಿರುವುದಿಲ್ಲ. ಜೊತೆಗೆ ಇನ್ನೊಂದು ನೆನಪಿಡಿ. ಯೋಜನೆ ನಗದುರಹಿತವಾದದ್ದು, ಚಿಕಿತ್ಸೆಗೆ ಮೊದಲೇ ಟ್ರಸ್ಟಿನ ಒಪ್ಪಿಗೆ ಬೇಕು. ಸ್ವಂತ ದುಡ್ಡಲ್ಲಿ ಸ್ಟೆಂಟ್ ಹಾಕಿಸಿ, ಆಮೇಲೆ ಬಿಪಿಎಲ್ ಆದ ಕಾರ್ಡ್ ತೋರಿಸಿ ವಾಪಸ್ ಕೇಳಿದರೆ ಬರುವುದಿಲ್ಲ. ಹಾಗಂತ ಡಾಕ್ಟರ್ ಹೇಳಿದ ತಿಂಗಳು ದಾಟಿಸಬೇಡಿ. ಎಷ್ಟು ದಿನ ತಡೆದುಕೊಳ್ಳಬಹುದು ಅಂತ ಹಿಮ್ಸ್ ಡಾಕ್ಟರನ್ನೇ ನೇರವಾಗಿ ಕೇಳಿ.

ಈಗ ಅಣ್ಣನ ಸಂಬಳದ ಸಾಲಿಗೆ ಬರೋಣ. ತಿಂಗಳ ಸಂಬಳ 21,000ದೊಳಗಿದ್ದರೆ ಅಂಥ ಫ್ಯಾಕ್ಟರಿಯ ಕೆಲಸಗಾರರು ಇಎಸ್ಐ, ಅಂದರೆ ನೌಕರರ ರಾಜ್ಯ ವಿಮೆಯ ಒಳಗೆ ಬರುತ್ತಾರೆ. ಅವನ ಸಂಬಳದ ಚೀಟಿ ತರಿಸಿ ನೋಡಿ. ಇಎಸ್ಐ ಅಂತ ಒಂದು ಸಾಲಿರುತ್ತದೆ, ಶೇಕಡ 0.75ರ ಲೆಕ್ಕದಲ್ಲಿ ಸುಮಾರು 146 ರೂಪಾಯಿ ಕಡಿತವಾಗಿರುತ್ತದೆ. ಮಾಲೀಕರು ಶೇಕಡ 3.25 ಸೇರಿಸಿ ಕಟ್ಟುತ್ತಾರೆ. ಆ 146 ರೂಪಾಯಿಯಲ್ಲಿ ಅಣ್ಣ, ಅತ್ತಿಗೆ, ಮಗುವಷ್ಟೇ ಅಲ್ಲ, ಅವನನ್ನು ಆಶ್ರಯಿಸಿರುವ ತಂದೆತಾಯಿಯೂ ಸೇರುತ್ತಾರೆ. ತಂದೆತಾಯಿಯ ಎಲ್ಲ ಮೂಲದ ಆದಾಯ ತಿಂಗಳಿಗೆ 9,000 ಮೀರಬಾರದು, ಅಷ್ಟೆ. ನಾನು ಇದಕ್ಕೆ ಒತ್ತು ಕೊಡಲು ಕಾರಣವಿದೆ. ಇಎಸ್ಐ 1948ರಿಂದಲೂ ಕಾಯ್ದೆಯ ಮೇಲೆ ನಿಂತಿದೆ. ಇಲ್ಲಿ ನೀವು ಕೇಳುವುದು ಸರ್ಕಾರದ ಕೃಪೆಯನ್ನಲ್ಲ, ಅಣ್ಣ ಪ್ರತಿ ತಿಂಗಳು ದುಡ್ಡು ಕೊಟ್ಟು ಕೊಂಡಿರುವುದನ್ನು. ಬಿಪಿಎಲ್ ಕಳೆದಿದ್ದು ಯಾವ ಸಂಬಳದಿಂದಲೋ ಅದೇ ಸಂಬಳ ಈ ಬಾಗಿಲು ತೆರೆದಿದೆ. ಆದರೂ ಗಾರ್ಮೆಂಟ್ಸ್ ಕೆಲಸಗಾರರಲ್ಲಿ ಎಷ್ಟೋ ಜನ ಊರಲ್ಲಿರುವ ಅಪ್ಪ ಅಮ್ಮನ ಹೆಸರು ಸೇರಿಸಿರುವುದೇ ಇಲ್ಲ. ಸೇರುವಾಗ ಎಚ್‌ಆರ್‌ನವರು ಕೇಳಿರುವುದಿಲ್ಲ, ಇವರಿಗೆ ಗೊತ್ತಿರುವುದಿಲ್ಲ.

ಅಣ್ಣ ಮಾಡಬೇಕಾದ್ದು, ಫ್ಯಾಕ್ಟರಿಯ ಎಚ್‌ಆರ್ ಮೂಲಕ ಅಪ್ಪನ ಹೆಸರನ್ನು ಕುಟುಂಬದ ವಿವರದಲ್ಲಿ ಆಧಾರ್ ಜೊತೆ ಸೇರಿಸುವುದು. ಆಮೇಲೆ ಇಎಸ್ಐ ಡಿಸ್ಪೆನ್ಸರಿಯಿಂದ ಬೆಂಗಳೂರಿನ ರಾಜಾಜಿನಗರದ ಇಎಸ್ಐ ಆಸ್ಪತ್ರೆಯಂಥ ದೊಡ್ಡ ಕಡೆಗೆ ರೆಫರಲ್ ಪಡೆಯಬೇಕು. ಅಲ್ಲಿ ಮಾಡಲಾಗದ ಚಿಕಿತ್ಸೆಗೆ ಒಪ್ಪಂದದ ಆಸ್ಪತ್ರೆಗೆ ಕಳಿಸುತ್ತಾರೆ, ಬಿಲ್ ಇಎಸ್ಐ ಕಟ್ಟುತ್ತದೆ. ಹೃದಯದಂಥ ದೊಡ್ಡ ಚಿಕಿತ್ಸೆಗೆ ಅಣ್ಣ ಇಂತಿಷ್ಟು ತಿಂಗಳು ವಂತಿಗೆ ಕಟ್ಟಿರಬೇಕು ಅನ್ನುವ ನಿಯಮವಿದೆ, ವರ್ಷಗಳಿಂದ ಒಂದೇ ಕಡೆ ಇದ್ದರೆ ಅದು ಅಡ್ಡಿಯಾಗದು. ತೊಂದರೆ ಏನೆಂದರೆ ಓಡಾಟ. ಸಾಲುಗಳು ಉದ್ದ, ಒಂದು ಸಹಿಗೆ ಅರ್ಧ ದಿನ ಹೋಗುವುದುಂಟು. ಅಣ್ಣ ರಜೆ ಹಾಕಬೇಕಾಗಬಹುದು.

ಅಪ್ಪ ಬೇರೆ ಮನೆ ಅಂತ ರೇಷನ್ ಕಾರ್ಡಿಗೆ, ಅಪ್ಪ ನನ್ನ ಆಶ್ರಯದಲ್ಲಿದ್ದಾರೆ ಅಂತ ಇಎಸ್ಐಗೆ, ಎರಡೂ ಹೇಗೆ ಹೇಳುವುದು ಅಂತ ಅನುಮಾನ ಬರಬಹುದು. ಒಂದೇ ಮನೆಯಲ್ಲಿ ವಾಸ ಮಾಡುವುದು ಬೇರೆ, ಮಗನ ದುಡ್ಡಿನ ಆಸರೆ ಇರುವುದು ಬೇರೆ. ಅಣ್ಣ ಊರಿಗೆ ಹಣ ಕಳಿಸುತ್ತಿದ್ದರೆ ಎರಡೂ ಸತ್ಯ. ಏನನ್ನೂ ಕಳಿಸದೆ, ಅಪ್ಪನ ಆದಾಯವೂ 9,000 ದಾಟಿದ್ದರೆ ಇಎಸ್ಐ ಅರ್ಜಿಯಲ್ಲಿ ಸುಳ್ಳು ಬರೆಯಬೇಡಿ, ಅದು ಅಣ್ಣನ ಕೆಲಸಕ್ಕೇ ಕುತ್ತು ತರಬಹುದು.

ಇನ್ನೊಂದು ಬಾಗಿಲು ಡೇರಿಯದು. ಅಪ್ಪ ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರಾಗಿದ್ದರೆ ಸಹಕಾರ ಸಂಘದ ಸದಸ್ಯರಿಗಿರುವ ಯಶಸ್ವಿನಿ ಆರೋಗ್ಯ ಯೋಜನೆಗೆ ದುಡ್ಡು ಕಟ್ಟಿದ್ದಾರಾ ಅಂತ ಸಂಘದ ಕಾರ್ಯದರ್ಶಿಯನ್ನು ಇವತ್ತೇ ಕೇಳಿ. 2018ರಲ್ಲಿ ನಿಂತುಹೋಗಿದ್ದ ಆ ಯೋಜನೆ 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ಗ್ರಾಮೀಣ ಸಂಘದಲ್ಲಿ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದವರೆಗೆ ರಕ್ಷಣೆ, ಬಿಪಿಎಲ್ ಎಪಿಎಲ್ ಭೇದವಿಲ್ಲ. ಎಷ್ಟೋ ಸಂಘಗಳಲ್ಲಿ ಹಾಲಿನ ಬಟವಾಡೆಯಲ್ಲೇ 500 ಹಿಡಿದು ಕಟ್ಟಿರುತ್ತಾರೆ, ಸದಸ್ಯರಿಗೆ ನೆನಪೇ ಇರುವುದಿಲ್ಲ. ಕಟ್ಟಿಲ್ಲವಾದರೆ ಮಧ್ಯದಲ್ಲಿ ಸೇರಲು ಆಗುವುದಿಲ್ಲ, ನೋಂದಣಿ ತೆರೆಯುವ ತಿಂಗಳುಗಳಲ್ಲಿ ಮಾತ್ರ.

ಯಾವುದೂ ಆಗದಿದ್ದರೆ ಮುಖ್ಯಮಂತ್ರಿಗಳ ಪರಿಹಾರ ನಿಧಿ ಇದೆ. ಆಸ್ಪತ್ರೆಯ ಅಂದಾಜು ಪಟ್ಟಿ, ರೇಷನ್ ಕಾರ್ಡ್, ಆಧಾರ್ ಜೊತೆ ಅರ್ಜಿ ಹಾಕಬೇಕು. ಕೊಡುವುದೂ ಬಿಡುವುದೂ ಅವರ ವಿವೇಚನೆ, ಪೂರ್ತಿ ಹಣ ಬರುವುದು ಅಪರೂಪ.

ಖಾಸಗಿಯವರು ಹೇಳಿದ ಎರಡು ಲಕ್ಷದ ಬಗ್ಗೆಯೂ ಒಂದು ಮಾತು. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟಿನ ಬೆಲೆಗೆ ಮಿತಿ ಹಾಕಿತು. ಅಲ್ಲಿಯವರೆಗೆ ಲಕ್ಷ ದಾಟುತ್ತಿದ್ದ ಔಷಧ ಲೇಪಿತ ಸ್ಟೆಂಟಿಗೆ ಆಗ ಗೊತ್ತು ಮಾಡಿದ ಗರಿಷ್ಠ ಬೆಲೆ 29,600, 2018ರಲ್ಲಿ ಅದು ಸ್ವಲ್ಪ ಇಳಿದು, ಆಮೇಲೆ ಏರುತ್ತಾ ಬಂದಿದೆ. ಹಾಗಾಗಿ ಬಿಲ್ಲಿನಲ್ಲಿ ಸ್ಟೆಂಟಿನ ಹೆಸರು, ಕಂಪನಿ, ಬ್ಯಾಚ್ ಸಂಖ್ಯೆ, ಬೆಲೆ ಬೇರೆಯಾಗಿ ಬರೆಯಲು ಹೇಳಿ. ‘ಯೋಜನೆಯ ಸ್ಟೆಂಟ್ ಕಳಪೆ, ಸ್ವಲ್ಪ ಸೇರಿಸಿದರೆ ಒಳ್ಳೆಯದು ಹಾಕುತ್ತೇವೆ’ ಅನ್ನುವವರು ಸಿಗುತ್ತಾರೆ. ಆಯುಷ್ಮಾನ್ ಪ್ಯಾಕೇಜಿನಲ್ಲೂ ಇರುವುದು ಔಷಧ ಲೇಪಿತ ಸ್ಟೆಂಟೇ. ಅರ್ಹ ರೋಗಿಯಾಗಿ ಸೇರಿದ ಮೇಲೆ ಪ್ಯಾಕೇಜಿನೊಳಗೆ ಹಾಸಿಗೆ, ಔಷಧಿ, ಪರೀಕ್ಷೆ, ಊಟ ಎಲ್ಲವೂ ಸೇರಿರುತ್ತದೆ, ಮೇಲೆ ದುಡ್ಡು ಕೇಳುವಂತಿಲ್ಲ. ಕೇಳುವವರು ರಸೀದಿ ಕೊಡದೆ, ಒಂದು ಬಿಳಿ ಚೀಟಿಯಲ್ಲಿ ‘ಹೊರಗಿನ ಔಷಧಿ’ ಅಂತ ಪೆನ್ನಲ್ಲಿ ಮೊತ್ತ ಬರೆದು ಕೊಡುವುದೇ ಜಾಸ್ತಿ. ಆ ಚೀಟಿಯನ್ನು ಎಸೆಯಬೇಡಿ, ಫೋಟೊ ತೆಗೆದಿಟ್ಟು 104ಕ್ಕೋ ಆಯುಷ್ಮಾನ್ ಸಹಾಯವಾಣಿ 14555ಕ್ಕೋ ದೂರು ಕೊಡಿ. ಸಾಧ್ಯವಾದರೆ ಅಪ್ಪ ಇನ್ನೂ ವಾರ್ಡಿನಲ್ಲಿರುವಾಗಲೇ ಕೊಡಿ, ಡಿಸ್ಚಾರ್ಜ್ ಆದ ಮೇಲೆ ಆಸ್ಪತ್ರೆಯವರಿಗೆ ಅವಸರ ಇರುವುದಿಲ್ಲ.

ಏಜೆಂಟ್ ಬೇಡ. ಅವನು ಮಾಡುವುದು ಒಂದೋ ನೀವೇ ಮಾಡಬಹುದಾದ ಅರ್ಜಿ, ಇಲ್ಲವೇ ಸುಳ್ಳು ಆದಾಯದ ಕಾಗದ. ಎರಡನೆಯದು ಸಿಕ್ಕಿಬಿದ್ದರೆ ಕೇಸ್ ಆಗುವುದು ಅರ್ಜಿಗೆ ಸಹಿ ಹಾಕಿದ ಅಪ್ಪನ ಮೇಲೆ, ಏಜೆಂಟಿನ ಹೆಸರು ಎಲ್ಲೂ ಇರುವುದಿಲ್ಲ.

ಕೊನೆಗೆ ಆ 18,000. ಯೋಜನೆಯಡಿ ಸೇರುವ ಮೊದಲು, ಸ್ವಂತ ಖರ್ಚಲ್ಲಿ ಮಾಡಿಸಿದ ಪರೀಕ್ಷೆ ಅದು. ಟ್ರಸ್ಟಿನಿಂದ ವಾಪಸ್ ಬರುವುದಿಲ್ಲ. ಆಸ್ಪತ್ರೆಯಿಂದ ಕೇಳಬಹುದಾ ಅನ್ನುವುದು ಅವತ್ತು ಏನು ನಡೆಯಿತು ಅನ್ನುವುದರ ಮೇಲಿದೆ. ಮೊದಲೇ ಹೇಳಿದ ದರಕ್ಕಿಂತ ಹೆಚ್ಚು ವಸೂಲಿ ಮಾಡಿದ್ದರೆ ಅಥವಾ ರಸೀದಿ ಕೊಡದಿದ್ದರೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಇರುವ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ದೂರು ಕೊಡಬಹುದು. ದರ ಹೇಳಿ, ಒಪ್ಪಿಸಿ, ರಸೀದಿ ಕೊಟ್ಟಿದ್ದರೆ ಆ ಹಣ ಬಿಟ್ಟುಬಿಡಿ, ವರದಿಯಾದರೂ ಉಪಯೋಗಕ್ಕೆ ಬರುತ್ತದೆ. ಮುಂದೆ ಯೋಜನೆಯಡಿ ಉಚಿತವಾಗಿ ಚಿಕಿತ್ಸೆ ಪಡೆದಾಗ ಏನಾದರೂ ಎಡವಟ್ಟಾದರೆ, ಫ್ರೀ ಚಿಕಿತ್ಸೆಗೆ ಕೇಸ್ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೇರೆಯವರಿಂದ ದುಡ್ಡು ತೆಗೆದುಕೊಳ್ಳುವ ಆಸ್ಪತ್ರೆಯಲ್ಲಿ ಉಚಿತವಾಗಿ ಚಿಕಿತ್ಸೆ ಪಡೆದವರೂ ಗ್ರಾಹಕರೇ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬೇಕು, 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ.

ಇಷ್ಟೆಲ್ಲ ಅರ್ಜಿ ಬರೆಯಲು ಕಷ್ಟ ಅನ್ನಿಸಿದರೆ ಹಾಸನದ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯ ಕೇಳದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಅಪ್ಪನ ಆದಾಯ ನೋಡಿದರೆ ಅವರಿಗೂ ಸಿಗುತ್ತದೆ. ಹೋಗುವಾಗ ಕಾರ್ಡಿನ ಈಗಿನ ಸ್ಥಿತಿಯ ಪ್ರಿಂಟ್, ಆಂಜಿಯೋಗ್ರಾಂ ವರದಿ, 18,000ದ ರಸೀದಿ ಮತ್ತು ಅಣ್ಣನ ಒಂದು ಸಂಬಳದ ಚೀಟಿ ಜೊತೆಗಿರಲಿ.